ಅವ್ವನ ಜೇನುಪೆಟ್ಟಿಗೆ

ಇವತ್ತು ಬೆಳಿಗ್ಗೆ ದುಮ್ಮವಾಡದ ಸಂತೆಯ ದಾರಿಯಲ್ಲಿ ಹುಳಕ್ಕೆ ಹೊಡೆಯುವ ಎಣ್ಣೆಯ ವಾಸನೆ ಬಂತು. ಗಾಡಿ ನಿಲ್ಲಿಸಿದೆ.

ನಾನು ಚಿಕ್ಕವಳಿದ್ದಾಗ ಅವ್ವ ನಮ್ಮ ಎರಡೆಕರೆಯಲ್ಲೇ ಎಮ್ಮೆ ಸಾಕಿ, ಅದರ ಗೊಬ್ಬರದಲ್ಲಿ ಕಾಯಿಪಲ್ಲೆ ಬೆಳೆದು, ಸೂರ್ಯಕಾಂತಿ ಚೆನ್ನಾಗಿ ಕಾಳು ಕಟ್ಟಲೆಂದು ಜೇನುಪೆಟ್ಟಿಗೆಯನ್ನೂ ತಂದಿಟ್ಟಿದ್ದಳು. ಒಂದು ಮುಂಜಾನೆ ಪಕ್ಕದ ಹೊಲದ ಕಾಕಾ ಬೆನ್ನಿಗೆ ಪಂಪು ಏರಿಸಿ ಹತ್ತಿಗೆ ಎಣ್ಣೆ ಹೊಡೆಯಲು ಇಳಿದರು. ಅವ್ವ ಹಾಲು ಕರೆಯುವುದನ್ನು ಬಿಟ್ಟು ಓಡಿದಳು.

“ಕಾಕಾ, ತಡೀರಿ! ಜೇನು ಹೊರಗ ಹೋಗ್ಯಾವ್ರಿ, ಸತ್ತ ಹೋಗ್ತಾವ.”

“ನನ್ನ ಹತ್ತಿ ಹುಳಾ ತಿನ್ನಾಕತ್ತಾವಲ್ಲ, ಅದನ್ನ ಯಾರು ನೋಡ್ತಾರ?”

“ಸಂಜಿಕ ಹೊಡೀರಿ. ಅಷ್ಟೊತ್ತಿಗೆ ಪೆಟಗಿಗೆ ಬರ್ತಾವ. ಪಂಪಿಗೆ ನೀರು ನಾನ ಹೊತ್ತ ಕೊಡ್ತೀನ್ರಿ.”

ಕಾಕಾ ಪಂಪು ಇಳಿಸಿ ಬೇವಿನ ಕೆಳಗೆ ಕೂತರು. ಅವ್ವ ದಿನವಿಡೀ ಕಳೆ ಕೀಳುತ್ತ ಆ ಕಡೆಯೇ ನೋಡಿದಳು. ಮಧ್ಯಾಹ್ನ ಕಾಕಾ ಎದ್ದಾಗ ನಾನು ತಿನ್ನುತ್ತಿದ್ದ ರೊಟ್ಟಿ ಕೆಳಗಿಟ್ಟು ಎದ್ದು ನಿಂತೆ. ಅವರು ನೀರು ಕುಡಿದು ಮತ್ತೆ ಕೂತರು.

ಹೊತ್ತು ಮುಳುಗುವಾಗ ಅವ್ವ ಪೆಟ್ಟಿಗೆಗೆ ಕಿವಿಯಿಟ್ಟು, ಕೊಡ ಹೊತ್ತು ಅವರ ಹೊಲಕ್ಕೆ ಹೋದಳು.

“ಎಲ್ಲಾ ಬಂದಾವೇನವಾ?” ಎಂದು ಕಾಕಾ ಕೇಳಿದರು.

“ಬಂದಾವ್ರಿ,” ಎಂದಳು. ಆಗಲೇ ಅವರು ಪಂಪು ಎತ್ತಿದ್ದು.

ಈಗ ಆ ಎರಡೆಕರೆ ನಾನು ಮಾಡುತ್ತಿದ್ದೇನೆ; ಜೇನುಪೆಟ್ಟಿಗೆಯೂ ಅಲ್ಲೇ ಇದೆ. ಅಕ್ಕಪಕ್ಕದ ಹೊಲದವರೆಲ್ಲ ಹೊಸಬರು, ಜೇನಿನ ವಿಷಯ ಅವರಿಗೆ ನಾನಿನ್ನೂ ಹೇಳಿರಲಿಲ್ಲ. ಸಂತೆಗೆ ಹೊರಟವಳು ಗಾಡಿಯನ್ನು ಹೊಲದ ಕಡೆಗೆ ತಿರುಗಿಸಿದೆ.