ಗೋಡೆಗೆ ಮುಖ ಮಾಡಿ ಹಾಡಿದ ಸೋಬಾನೆ

ಚಿನ್ನು, ಗುಂಡ, ಮೊನ್ನೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಯಾರೋ ಹೆಂಗಸು ನನ್ನ ಮುಖ ನೋಡಿ ಅನುಮಾನಪಟ್ಟು, ಸುತ್ತಿ ಬಂದು ಬೆನ್ನು ನೋಡಿ, ಜೊತೆಯವಳಿಗೆ "ಹೂಂ ಕಣೇ, ಇವ್ರೇ ಫೋನ್ ಸೋಬಾನೆ ಅಜ್ಜಿ" ಎಂದಳಲ್ಲ, ಅಲ್ಲಿಂದ ಮನೆಗೆ ಬರುವವರೆಗೂ ನೀವಿಬ್ಬರೂ ನನ್ನನ್ನು ಬಿಡಲಿಲ್ಲ. ಬೆನ್ನು ನೋಡಿ ಯಾರಾದರೂ ಗುರುತು ಹಿಡಿಯುತ್ತಾರಾ ಎಂದು ಗುಂಡ ಕೇಳಿದ. ನಾನು ಕಿವುಡಿಯಂತೆ ಕಡಲೆಕಾಯಿ ಸುಲಿಯುತ್ತ ಕುಳಿತೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ನನ್ನ ಕಡೆ ತಿರುಗಿದರೆ ನಾಲಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ನಮ್ಮೂರ ಶಾಲೆಯಲ್ಲಿ ಪದ್ಯ ಹೇಳಲು ನಿಲ್ಲಿಸಿದಾಗಲೂ ಹೀಗೇ ಆಗುತ್ತಿತ್ತು. ಮೇಷ್ಟ್ರು ಬೈದು ಕೂರಿಸಿದ ಮೇಲೆ ಅದೇ ಪದ್ಯವನ್ನು ಸ್ಲೇಟಿನ ಮೇಲೆ ಪೂರ್ತಿ ಬರೆದು ತೋರಿಸುತ್ತಿದ್ದೆ. ಇದೂ ಹಾಗೇ ಎಂದುಕೊಳ್ಳಿ.

ಕೊರೊನಾ ಬಂದಾಗ ನೀವಿಬ್ಬರೂ ತೀರಾ ಚಿಕ್ಕವರು. ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ನಗಬೇಡಿ. ದೊಡ್ಡಬೆಳವಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ ಹಿಟ್ಟಿನ ಮಿಲ್ಲಿನ ಮಾಳಿಗೆಯ ಮೇಲೆ ಮೂರು ಕೋಣೆ ಇದ್ದವು. ಅದೇ ನಮ್ಮ ಸಮುದಾಯ ಕಾಲೇಜು. ಬೋರ್ಡು ಮಾತ್ರ ಕೋಣೆಗಳಿಗಿಂತ ಉದ್ದ. ಒಂದರಲ್ಲಿ ಕಂಪ್ಯೂಟರ್, ಒಂದರಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಪಾಠ, ಇನ್ನೊಂದರಲ್ಲಿ ಹೊಲಿಗೆ. ಕೆಳಗೆ ಮಿಲ್ಲು ಶುರುವಾದರೆ ಮೇಲೆ ಪಾಠ ನಿಲ್ಲುತ್ತಿತ್ತು. ಮೆಣಸಿನಕಾಯಿ ಬೀಸುವ ದಿನ ಇಡೀ ಕಾಲೇಜು ಸೀನುತ್ತಿತ್ತು. ಸಂಜೆ ಎಲ್ಲರೂ ತಲೆಯಲ್ಲಿ ರಾಗಿ ಹಿಟ್ಟು ಹೊತ್ತು ಮನೆಗೆ ಹೋಗುತ್ತಿದ್ದೆವು. ಓದಿ ತಲೆ ನೆರೆಯಿತು ಎಂದು ಊರಿನವರು ಆಡಿಕೊಳ್ಳುತ್ತಿದ್ದರು.

ನನ್ನನ್ನು ಅಲ್ಲಿಗೆ ಸೇರಿಸಿದ್ದು ನಿಮ್ಮ ಅಮ್ಮ. ನಿಮ್ಮ ತಾತ ಹೋದ ಮೇಲೆ ನಾನು ಜಗಲಿಯ ಮೇಲೆ ಕುಳಿತು ಕೋಳಿಗಳನ್ನು ನೋಡುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದೆ. "ಅತ್ತೆ, ಕೋಳಿಗಳಿಗೂ ಬೇಜಾರಾಗ್ತದೆ, ಎದ್ದೇಳಿ" ಎಂದು ಹೆಸರು ಬರೆಸಿ ಬಂದಳು. ಹುಡುಗಿಯರ ನಡುವೆ ನಾನೊಬ್ಬಳು ಮುದುಕಿ. ಗೋಡೆ ಪಕ್ಕದ ಕೊನೆಯ ಮಿಷನ್ ನನ್ನದಾಯಿತು. ಅಲ್ಲಿ ಕುಳಿತರೆ ಯಾರಿಗೂ ನಾನು ಕಾಣುತ್ತಿರಲಿಲ್ಲ. ಮಿಷನ್ ಸದ್ದಿನಲ್ಲಿ ನಾನು ಮೆಲ್ಲಗೆ ಹಾಡಿಕೊಂಡರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅಂಥ ಜಾಗ ನನಗೆ ಹುಟ್ಟಿದ ಮೇಲೆ ಸಿಕ್ಕಿದ್ದು ಅದೊಂದೇ.

ಆಮೇಲೆ ಎಲ್ಲ ಮುಚ್ಚಿತು. ನಮ್ಮ ಪ್ರಿನ್ಸಿಪಾಲ್ ಮೇಡಂ ನೆಲಮಂಗಲದಿಂದ ಸ್ಕೂಟರಿನಲ್ಲಿ ಬರುತ್ತಿದ್ದವರು. ಅವರು ಫೋನಿನಲ್ಲೇ ಪಾಠ ಮಾಡುತ್ತೇವೆ ಎಂದರು. ಹೊಲಿಗೆಯನ್ನು ಫೋನಿನಲ್ಲಿ ಕಲಿಯುವುದು ಹೇಗೆಂದರೆ, ಟೀಚರ್ "ಇಲ್ಲಿ ಕತ್ತರಿಸಿ" ಎನ್ನುವರು, ಆ "ಇಲ್ಲಿ"ಯ ಮೇಲೆ ಅವರ ಹೆಬ್ಬೆರಳೇ ಇರುವುದು. ನಾನು ಒಂದು ರವಿಕೆಗೆ ಮೂರನೇ ತೋಳನ್ನು ಕತ್ತಿನ ಹತ್ತಿರ ಹೊಲಿದೆ. ನಿಮ್ಮ ಅಮ್ಮ ಅದನ್ನು ಹಿಡಿದು, ಇದಕ್ಕೆ ಮೂರು ಕೈಯವಳು ಸಿಗಬೇಕು ಎಂದಳು. ಎದುರು ಮನೆಯ ನನ್ನ ಗೆಳತಿ ಫೋನನ್ನು ರಾಗಿ ಚೀಲಕ್ಕೆ ಒರಗಿಸಿ ಇಟ್ಟಿದ್ದಳಂತೆ. ಅದು ಜಾರಿ ಒಳಗೆ ಇಳಿದು, ಅವತ್ತಿನ ಪಾಠವನ್ನೆಲ್ಲ ರಾಗಿಯೇ ಕೇಳಿಸಿಕೊಂಡಿತು.

ಕಾಲೇಜು ನಡೆಯುತ್ತಿದ್ದದ್ದು ನಾವು ಶಾಲೆಗಳಿಗೆ ಹೊಲಿದು ಕೊಡುತ್ತಿದ್ದ ಯೂನಿಫಾರಂ ಮತ್ತು ಅಷ್ಟಿಷ್ಟು ಫೀಸಿನಿಂದ. ಎರಡೂ ನಿಂತವು. ಮಿಲ್ಲಿನ ಯಜಮಾನರೇ ಕಟ್ಟಡದ ಮಾಲೀಕರು. ಅವರು ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು, ಮೇಡಂಗೆ ಹೇಳಿದರು.

"ನಂಗೂ ಓದು ಅಂದ್ರೆ ಗೌರವ ಮೇಡಂ. ಆದ್ರೆ ಹೈವೇ ಕಡೆ ಗೋಡೌನ್‌ನೋರು ರಟ್ಟಿನ ಡಬ್ಬ ಇಡಕ್ಕೆ ಜಾಗ ಕೇಳ್ತಾವ್ರೆ. ರಟ್ಟಿನ ಡಬ್ಬ ಬಾಡಿಗೆ ಕೊಡುತ್ತೆ, ನಿಮ್ಮ ಹುಡ್ಗೀರು ಕೊಡಲ್ಲ. ನನ್ನ ಮಗಳ ಮದ್ವೆ ಕಳೀಲಿ, ಆಮೇಲೆ ಖಾಲಿ ಮಾಡ್ಕೊಡಿ."

ಕಾಲೇಜು ಮುಚ್ಚಿದರೆ ದೇಶಕ್ಕೆ ನಷ್ಟ ಎಂದು ನಮ್ಮ ಕಾಲೇಜು ಸಮಿತಿಯ ಕಾರ್ಯದರ್ಶಿಗಳು ಹೇಳಿದರು. ದೇಶದ್ದು ನನಗೆ ಗೊತ್ತಿಲ್ಲ. ಗೋಡೆ ಪಕ್ಕದ ನನ್ನ ಮಿಷನ್ ಹೋಗುತ್ತದೆ, ನಾನು ಮತ್ತೆ ಕೋಳಿಗಳ ಹತ್ತಿರ ಹೋಗಬೇಕು, ಅಷ್ಟು ಮಾತ್ರ ನನಗೆ ಗೊತ್ತಾಯಿತು.

ಕಾರ್ಯದರ್ಶಿಗಳು ಮೈಕು ಕಂಡರೆ ಬಿಡದ ಮನುಷ್ಯ. ಮೈಕಿಲ್ಲದ ಕಾಲ ಬಂದಾಗ ಅವರಿಗೆ ಬಹಳ ಕಷ್ಟವಾಯಿತು. ದೇಣಿಗೆ ಕೇಳಿ ಒಂದು ವಿಡಿಯೋ ಮಾಡುತ್ತೇನೆಂದು ಬಿಳಿ ಅಂಗಿ ತೊಟ್ಟು ಕಟ್ಟಡದ ಮುಂದೆ ನಿಂತು ಮಾತಾಡಿದರು. ಕಾಲೇಜಿನ ಬೋರ್ಡು ಫೋನಿನಲ್ಲಿ ಹಿಡಿಸಲೇ ಇಲ್ಲ. ಅವರ ತಲೆಯ ಮೇಲೆ ಕಂಡದ್ದು ಮಿಲ್ಲಿನ ಗೋಡೆಬರಹ, "ರಾಗಿ, ಗೋಧಿ, ಮೆಣಸಿನಕಾಯಿ ಬೀಸಿ ಕೊಡಲಾಗುವುದು" ಅಂತ. ವಾರವಿಡೀ ಅವರ ಫೋನಿಗೆ ಬಂದ ಕರೆಗಳೆಲ್ಲ ಮೆಣಸಿನಕಾಯಿಯವು. "ಎಷ್ಟೊತ್ತಿಗೆ ತರಾನ ಸಾ? ಪೋಲಿಸ್ನೋರು ಬಿಡ್ತಾರಾ?" ಯಜಮಾನರಿಗೆ ವ್ಯಾಪಾರವಾಯಿತು, ಕಾಲೇಜಿಗೆ ಏನೂ ಬರಲಿಲ್ಲ. ಮಾಸ್ಕ್ ಹೊಲಿಯಲು ಪಾಸ್ ಪಡೆದು ಮೇಡಂ, ನಾವು ಕೆಲವರು ಕಾಲೇಜಿಗೆ ಬಂದು, ಹೊಲಿದು ಮಾರಿದೆವು. ಆಗ ದೇಶದಲ್ಲಿ ಮಿಷನ್ ಇದ್ದವರೆಲ್ಲ ಮಾಸ್ಕೇ ಹೊಲಿಯುತ್ತಿದ್ದರು. ನಮ್ಮದು ರವಿಕೆಯ ಲೈನಿಂಗ್ ಬಟ್ಟೆಯದು, ಬೆವರಿದರೆ ಕೆನ್ನೆಗೆ ಬಣ್ಣ ಬಿಡುತ್ತಿತ್ತು. ಕಾರ್ಯದರ್ಶಿಗಳು ಒಂದು ದಿನ ಹಸಿರು ಮೀಸೆಯಲ್ಲಿ ಬಂದರು.

ದಾರಿ ತೋರಿಸಿದವಳು ನನ್ನ ಗೆಳತಿ. ಅವಳ ಅಣ್ಣನ ಮಗಳ ಮದುವೆಗೆ ಜನ ಸೇರುವ ಹಾಗಿರಲಿಲ್ಲ, ಸೋಬಾನೆ ಹಾಡುವ ಹೆಂಗಸರು ಪಕ್ಕದೂರಿನಿಂದ ಬರುವ ಹಾಗಿರಲಿಲ್ಲ. ಹಾಡಿಲ್ಲದೆ ಹೆಣ್ಣನ್ನು ಹಸೆಮಣೆಗೆ ಕರೆಯುವುದು ಹೇಗೆ? ಇವಳು ಕಾಲೇಜಿನ ಕೋಣೆಯಲ್ಲಿ ಕುಳಿತು ಫೋನಿನಲ್ಲೇ ಹಾಡಿದಳು. ಆ ಕಡೆಯವರಿಗೆ ಸಂತೋಷವಾಗಿ ಕಾಲೇಜಿಗೆ ಕಾಣಿಕೆ ಕಳಿಸಿದರು. ಮೇಡಂ ಕಣ್ಣು ಅಗಲವಾಯಿತು. ಮಾರನೇ ದಿನದಿಂದ ಫೋನ್ ಸೋಬಾನೆ ಶುರು. ನಿಮ್ಮ ಮನೆಯ ಮದುವೆಗೆ ನಮ್ಮ ಕಾಲೇಜಿನ ಹೆಂಗಸರು ಇಲ್ಲಿಂದಲೇ ಹಾಡುತ್ತಾರೆ, ನಿಮಗೆ ತೋಚಿದ್ದು ಕೊಡಿ.

ಹೊಸಕೋಟೆ, ದೇವನಹಳ್ಳಿ ಕಡೆಯಿಂದೆಲ್ಲ ಕರೆ ಬಂದವು. ತೊಂದರೆ ಎಂದರೆ ನನ್ನ ಗೆಳತಿಗೆ ಯಾವ ಪದವೂ ಕೊನೆವರೆಗೆ ಬರುತ್ತಿರಲಿಲ್ಲ. ಹುಡುಗಿಯರಿಗೆ ಬರುತ್ತಿದ್ದದ್ದು ಸಿನಿಮಾ ಹಾಡು. ನನಗೆ ಬರುತ್ತಿತ್ತು. ನಮ್ಮ ಅವ್ವ ಸುತ್ತಲ ಹಳ್ಳಿಗಳಲ್ಲಿ ಮದುವೆ ಪದಕ್ಕೆ ಹೆಸರಾದವಳು. ಅವಳ ಸೆರಗು ಹಿಡಿದು ಚಪ್ಪರ ಚಪ್ಪರ ತಿರುಗಿ ಕಲಿತವಳು ನಾನು. ಗುಂಪಿನಲ್ಲಿ ಹಿಂದೆ ಕುಳಿತು ಹಾಡಲು ನನಗೆ ನಾಚಿಕೆ ಇರಲಿಲ್ಲ. ನಿಮ್ಮ ತಾತ ಹೋದ ಮೇಲೆ ನಿಂತಿತು. ಹಾಡಬೇಡ ಎಂದು ಯಾರೂ ಹೇಳುವುದಿಲ್ಲ ಮಕ್ಕಳೇ. ಅರಿಶಿಣ ಕುಂಕುಮದ ತಟ್ಟೆ ಸಾಲಿನಲ್ಲಿ ಬರುತ್ತ ಬರುತ್ತ ನಿಮ್ಮನ್ನು ದಾಟಿ ಪಕ್ಕದವಳ ಹತ್ತಿರ ಹೋಗುತ್ತದೆ. ಶುಭ ಹೊತ್ತಿನ ಹಾಡು ಮುತ್ತೈದೆಯರದು. ನಾನು ಎದ್ದು ಅಡುಗೆ ಮಾಡುವ ಕಡೆಗೆ ಹೋಗಿ ಬದನೆಕಾಯಿ ಹೆಚ್ಚುತ್ತಿದ್ದೆ. ಅಲ್ಲಿಯೂ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದೆ, ಅದು ಬೇರೆ ಮಾತು.

ಅದಕ್ಕೇ ಫೋನ್ ಸೋಬಾನೆಯಲ್ಲಿ ನಾನು ಸಾಮಾನಿನ ಕೋಣೆಯ ಬಾಗಿಲ ಹಿಂದೆ ನಿಂತು ಮುಂದಿನ ಸಾಲು ಪಿಸುಗುಟ್ಟುತ್ತಿದ್ದೆ. ಗೆಳತಿಗೆ ಕಿವಿ ಸ್ವಲ್ಪ ಮಂದ. ಒಂದು ದಿನ ಗೌರಮ್ಮನನ್ನು ಹಸೆಗೆ ಕರೆಯುವ ಪದ ನಡೆದಿತ್ತು.

"ಅಕ್ಕಾ, ಜೋರಾಗಿ ಹೇಳು. ಗೌರಮ್ಮ ಹಸೆ ಮುಂದೆ ಬಂದು ನಿಂತವ್ಳೆ, ಆಮೇಲೆ ಏನ್ಮಾಡಿದ್ಲು?"

"ತಂದೆ ಕಡೆ ನೋಡಿದ್ಲು."

"ಹೂಂ? ತಂಗಳು ತಿಂದ್ಲಾ?"

ಫೋನಿನ ಆ ಕಡೆ ಮದುಮಗಳು ನಕ್ಕಿದ್ದು ನಮಗೆ ಕೇಳಿಸಿತು. ಮೇಡಂ ಎದ್ದು ಬಂದು ಫೋನನ್ನೇ ನನ್ನ ಬಾಗಿಲ ಹತ್ತಿರ ಇಟ್ಟು, "ನೀವೇ ಹಾಡಿಬಿಡಿ ಅಮ್ಮ, ಫೋನಿಗೆ ಹಣೆ ಕಾಣಲ್ಲ" ಎಂದರು. ಅವರು ಓದಿದವರು, ಇಂಥದ್ದೆಲ್ಲ ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ನಾನು ಹಾಡಿದೆ. ಮೊದಲು ಗಂಟಲಲ್ಲಿ ತುಕ್ಕು ಹಿಡಿದ ಬಾವಿಯ ರಾಟೆಯಂತೆ ಕಿರುಗುಟ್ಟಿತು. ಆಮೇಲೆ ಸರಿಯಾಯಿತು. ಹಾಡುತ್ತಿರುವವರು ಯಾರು ಎಂದು ಜನ ಕೇಳತೊಡಗಿದರು. ಕಾರ್ಯದರ್ಶಿಗಳು ಒಂದು ಕ್ಷಣವೂ ಯೋಚಿಸದೆ, "ನಮ್ಮ ಕಾಲೇಜಿನ ಹಿರೀ ಮುತ್ತೈದೆ" ಎಂದು ಹೇಳಿಬಿಟ್ಟರು. ಮೈಕು ಸಿಕ್ಕಿದ್ದರೆ ಇನ್ನೂ ಏನೇನು ಹೇಳುತ್ತಿದ್ದರೋ.

ಹೀಗೆ ಬಂದದ್ದು ಕರೆಂಟು, ಇಂಟರ್ನೆಟ್ಟಿಗೆ ಸಾಕಾಗುತ್ತಿತ್ತು. ಕೋಣೆಗಳು ಉಳಿಯಬೇಕಾದರೆ ಯಜಮಾನರು ಮನಸ್ಸು ಮಾಡಬೇಕಿತ್ತು. ಅಷ್ಟರಲ್ಲಿ ಅವರ ಮಗಳ ಮದುವೆಯೇ ಬಂತು. ಅವರು ಮೇಡಂಗೆ ಹೇಳಿದರು: "ನಮ್ಮವ್ವಂಗೆ ಹಳೇ ಪದ ಬೇಕಂತೆ, ಹಟ ಹಿಡಿದವ್ಳೆ. ನಿಮ್ಮ ಹಿರೀ ಮುತ್ತೈದೆ ಚೆನ್ನಾಗಿ ಹಾಡ್ಲಿ. ಹಾಡಿದ್ರೆ ಡಬ್ಬದ ವಿಚಾರ ಇನ್ನೊಂದ್ಸಲ ಯೋಚ್ನೆ ಮಾಡಾನ. ಆದ್ರೆ ವಿಡಿಯೋ ಇರ್ಬೇಕು, ನೆಂಟ್ರೆಲ್ಲ ನೋಡ್ತಾರೆ."

ಹೆಂಗಸರು ಹಣೆ ತುಂಬ ಕುಂಕುಮ ಇಟ್ಟುಕೊಂಡು ಫೋನಿನ ಮುಂದೆ ಕೂರುವುದು, ಬಾಯಿ ಆಡಿಸುವುದು, ನಾನು ಅವರ ಹಿಂದೆ ಒಂದು ಪರದೆಯ ಮರೆಯಲ್ಲಿ ನಿಂತು ಹಾಡುವುದು ಎಂದು ತೀರ್ಮಾನವಾಯಿತು. ಪರದೆ ಎಂದರೆ ಯೂನಿಫಾರಂ ಬಟ್ಟೆ. ಅದಕ್ಕೆ ಅಂಚು ಹೊಲಿದು ಹಗ್ಗ ಪೋಣಿಸುವುದು ಬಿಟ್ಟು, ನಾವು ಹೊಲಿಗೆ ಕಾಲೇಜಿನವರು, ಗುಂಡುಸೂಜಿ ಚುಚ್ಚಿ ನೇತುಹಾಕಿದೆವು. ಅವತ್ತು ಬೆಳಿಗ್ಗೆ ಮಿಲ್ಲು ನಿಲ್ಲಿಸಿದ್ದರು. ಆ ಮಾಳಿಗೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕಂಡೇ ಇರಲಿಲ್ಲ.

ಯಜಮಾನರ ಅಂಗಳದಲ್ಲಿ ಹೆಣ್ಣಿಗೆ ಅರಿಶಿಣದ ನೀರು ಹಾಕಲು ಶುರು ಮಾಡಿದರು. ನಾನು ಕಣ್ಣು ಮುಚ್ಚಿ, ಒಂದು ಕೈ ಕಿವಿಗೆ ಹಿಡಿದು ಅದೇ ಗೌರಮ್ಮನ ಪದ ಹಾಡುತ್ತಿದ್ದೆ. ಸೆಕೆ ಎಂದು ನನ್ನ ಗೆಳತಿ ಫ್ಯಾನ್ ಹಾಕಿದಳು. ನನಗೆ ತಂಪಾಯಿತು, ಒಳ್ಳೆಯದೇ ಆಯಿತು ಎಂದುಕೊಂಡು ಇನ್ನೂ ಎತ್ತರಕ್ಕೆ ಹಾಡಿದೆ.

"ಅಕ್ಕಾ, ಪರದೆ ಬಿತ್ತು ಕಣಕ್ಕಾ!"

ಕಣ್ಣು ಬಿಟ್ಟರೆ ಫೋನಿನೊಳಗೆ ಅಷ್ಟೂ ತಲೆಗಳು ನನ್ನ ಕಡೆಗೇ. ಹಾಡು ಅಲ್ಲಿಗೇ ನಿಂತಿತು.

"ಅಯ್ಯಯ್ಯೋ, ಹಣೆ ನೋಡ್ರೇ, ಬೋಳು ಹಣೆ!" ಅದು ಯಜಮಾನರ ತಂಗಿಯ ಗಂಟಲು.

"ಯಾರ್ರೀ ಅದು? ಹಿರೀ ಮುತ್ತೈದೆ ಅಂದ್ರಲ್ಲ?" ಎಂದು ಯಜಮಾನರು ಅಲ್ಲೇ ಇದ್ದ ಕಾರ್ಯದರ್ಶಿಗಳನ್ನು ಕೇಳಿದರು.

"ಅದು ನೆಟ್‌ವರ್ಕ್ ತೊಂದ್ರೆ ಯಜಮಾನ್ರೇ. ಕುಂಕುಮ ಬರ್ತಾ ಇಲ್ಲ."

ನೀರು ಹಾಕುತ್ತಿದ್ದ ಕೈಗಳೂ ನಿಂತಿದ್ದವು. ಹೋಯಿತು ಮಿಷನ್ ಎಂದುಕೊಂಡೆ. ಆಗ ಅಂಗಳದ ಮೂಲೆಯಿಂದ, ಹುಲ್ಲಿನ ಮೆದೆಯ ಪಕ್ಕದಿಂದ, ಒಂದು ಮುದಿ ಗಂಟಲು ಕೇಳಿಸಿತು. ಯಜಮಾನರ ತಾಯಿ. ಅವರೂ ಗಂಡನನ್ನು ಕಳೆದುಕೊಂಡವರು, ಮೊಮ್ಮಗಳ ಶಾಸ್ತ್ರವನ್ನು ದೂರದಿಂದ ನೋಡುತ್ತ ಕುಳಿತಿದ್ದರು.

"ಆಗ್ಲಿಂದ ತಲೆ ತೂಗ್ತಾ ಕೇಳ್ತಿದ್ರಲ್ರೇ. ಹಣೆ ಕಂಡ್ಮೇಲೆ ಗಂಟಲು ಕೆಟ್ಟೋಯ್ತಾ? ಶುರು ಮಾಡಿದ ಪದ ಅರ್ಧಕ್ಕೆ ಬಿಡಬಾರ್ದು ಅನ್ನೋದೂ ಶಾಸ್ತ್ರನೇ. ಮಗು ನೀರಲ್ಲಿ ನೆನ್ಕೊಂಡು ನಡುಗ್ತಾ ಅದೆ. ಆ ಗೌರಮ್ಮ ಹಸೆ ಮುಂದೆ ನಿಂತೇ ಅವ್ಳೆ. ನಿಮ್ಮಲ್ಲಿ ಯಾರಿಗಾದ್ರೂ ಮುಂದಿಂದು ಬತ್ತದಾ?"

ಯಾರಿಗೂ ಬರುತ್ತಿರಲಿಲ್ಲ. ಯಜಮಾನರ ತಂಗಿ ಸೆರಗು ಸರಿ ಮಾಡಿಕೊಂಡಳು.

"ಹಂಗಾದ್ರೆ ಹಣೆ ಬೇಡಾದೋರು ಕಣ್ ಮುಚ್ಕಳ್ಳಿ. ಏಯ್ ಫೋನಿನವ್ವ, ಹಾಡು ನೀನು. ಕೂರ್ಸು ಗೌರಮ್ಮನ್ನ."

ಈಗ ನನಗೆ ಶಾಸ್ತ್ರದ ಅಡ್ಡಿ ಇರಲಿಲ್ಲ. ಇದ್ದ ಅಡ್ಡಿ ನನ್ನದೇ ನಾಲಿಗೆ. ಅದು ಒಳಗೆ ಹೋಗಿ ಅಗುಳಿ ಹಾಕಿಕೊಂಡಿತ್ತು. ಅಷ್ಟು ಮುಖಗಳು! ಗೆಳತಿ ನನ್ನ ತೊಡೆಗೆ ಚಿವುಟಿದಳು. ಮೇಡಂ ಕೈ ಮುಗಿದರು. ಕೊನೆಗೆ ನಾನು ಏನು ಮಾಡಿದೆ ಗೊತ್ತಾ? ಫೋನಿಗೆ ಬೆನ್ನು ಹಾಕಿ, ನನ್ನ ಮಿಷನ್ ಪಕ್ಕದ ಗೋಡೆಗೆ ಮುಖ ಮಾಡಿ ನಿಂತೆ. ಗೋಡೆ ನನ್ನನ್ನು ಯಾವತ್ತೂ ದಿಟ್ಟಿಸಿ ನೋಡಿದ್ದಲ್ಲ. ಗೌರಮ್ಮ ತಂದೆಯ ಕಡೆ ನೋಡಿದಲ್ಲಿಂದ ಎತ್ತಿಕೊಂಡು, ಹಸೆಯ ಮೇಲೆ ಕೂರಿಸಿ, ಆರತಿ ಎತ್ತಿಸಿ, ಕೊನೆಯ ಸೋಬಾನೆಯವರೆಗೂ ಹಾಡಿದೆ. ಹಿಂದಿನಿಂದ ನೀರು ಸುರಿಯುವ ಸದ್ದು ಮತ್ತೆ ಕೇಳಿಸಿತು. ಆ ಮುದುಕಿಯ ಒಡಕು ಗಂಟಲೂ ನನ್ನ ಜೊತೆಗೆ ಸೇರಿತ್ತು.

ನಾನು ತೊಟ್ಟಿದ್ದ ರವಿಕೆ ನಾನೇ ಹೊಲಿದದ್ದು. ಬೆನ್ನಿನ ಮೇಲೆ ಅಳತೆಗೆ ಎಳೆದ ಚಾಕ್‌ಪೀಸಿನ ಗೆರೆ ಒರೆಸಿರಲೇ ಇಲ್ಲ. ನೆಂಟರೆಲ್ಲ ಅಷ್ಟು ಹೊತ್ತು ಅದನ್ನೇ ನೋಡಿದರಂತೆ. ನಿಮ್ಮ ಬಸ್ ನಿಲ್ದಾಣದ ಹೆಂಗಸೂ ಅವರಲ್ಲಿ ಒಬ್ಬಳಿರಬೇಕು, ಗುರುತು ಹಿಡಿದದ್ದು ಆ ಬೆನ್ನನ್ನೇ.

ವಾರದ ನಂತರ ಯಜಮಾನರು ಬಂದರು. ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ, "ಅವ್ವ ಊಟ ಬಿಡ್ತೀನಿ ಅಂತ ಕೂತವ್ಳೆ. ಡಬ್ಬ ಬೇರೆ ಕಡೆ ಇಟ್ಕೊಳ್ಲಿ. ಬಾಡಿಗೆ ಕಾಯಿಲೆ ಹೋದ್ಮೇಲೆ ನೋಡಾನ. ಮೆಣಸಿನಕಾಯಿ ಮಾತ್ರ ಬೀಸೇ ಬೀಸ್ತೀನಿ" ಎಂದು ಹೇಳಿ ಇಳಿದು ಹೋದರು. ಮರುದಿನವೇ ಬೀಸಿದರು. ನಾವು ಸಂತೋಷವಾಗಿ ಸೀನಿದೆವು.

ಎಲ್ಲರೂ ಬದಲಾದರು ಎಂದು ತಿಳಿಯಬೇಡಿ. ಆಮೇಲೆ ಎರಡು ಮನೆಯವರು ನಮಗೆ ಬೇಡ ಎಂದರು. ಒಬ್ಬರು, ದನಿ ಮಾತ್ರ ಕಳಿಸಿ, ಹಣೆ ಕಳಿಸಬೇಡಿ ಎಂದರು. ಕಾರ್ಯದರ್ಶಿಗಳು ನನ್ನನ್ನು ಹಿರೀ ಮುತ್ತೈದೆಯ ಪದವಿಯಿಂದ ಇಳಿಸಿ "ಹಿರಿಯ ಕಲಾವಿದೆ" ಮಾಡಿದರು. ಯಜಮಾನರ ತಾಯಿ ರಸ್ತೆ ತೆರೆದ ಮೇಲೆ ನನ್ನನ್ನು ಕರೆಸಿ, ಅವರೆಕಾಳು ಸಾರು ಮುದ್ದೆ ಬಡಿಸಿ, ತಾವು ಮರೆತಿದ್ದ ಪದಗಳನ್ನು ಒಂದೊಂದಾಗಿ ನನ್ನಿಂದ ಹೇಳಿಸಿಕೊಂಡರು. ಅವರ ಮುಂದೆ ನನಗೆ ಗೋಡೆ ಬೇಕಾಗಲಿಲ್ಲ.

ಈಗ ಅವರಿಲ್ಲ. ಕಾಲೇಜಿದೆ, ಮಿಷನ್ನಿದೆ, ಗೋಡೆಯೂ ಇದೆ. ಈ ಹಾಳೆಗಳನ್ನು ತಿರುಗಿಸಿ ನೋಡಿ, ಹಿಂಬದಿಯಲ್ಲಿ ಪದಗಳನ್ನೆಲ್ಲ ಕೊನೆಯ ಸಾಲಿನವರೆಗೆ ಬರೆದಿದ್ದೇನೆ. ಗುಂಡ, ಇದರಲ್ಲಿ ರಾಕೆಟ್ ಮಾಡಬೇಡ. ಚಿನ್ನು, ನಿಮ್ಮ ಅಮ್ಮ ಇದರ ಮೇಲೆ ಹಪ್ಪಳ ಒಣಗಿಸದಂತೆ ನೋಡಿಕೋ. ನನ್ನ ಕಬ್ಬಿಣದ ಟ್ರಂಕಿನಲ್ಲಿ, ಆ ಮೂರು ತೋಳಿನ ರವಿಕೆಯ ಕೆಳಗೆ ಇಡಿ. ಯಾರ ಮನೆಯ ಮದುವೆಯಲ್ಲಾದರೂ ಗೌರಮ್ಮ ಹಸೆ ಮುಂದೆ ನಿಂತೇ ಇದ್ದರೆ, ತೆಗೆದು ಓದಿ ಅವಳನ್ನು ಕೂರಿಸಿ.