ಅತ್ತಿಯ ಹಸಿವಿಗೆ ಟಿಕೀಟು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಕಾಕಾನ ಕಂಪನಿ ರಾಯಬಾಗದಲ್ಲಿ ಕ್ಯಾಂಪ್ ಹಾಕಿದಾಗ ನಾನು ಒಂಬತ್ತನೆಯ ತರಗತಿಯೋ ಹತ್ತನೆಯದೋ, ಖಚಿತವಿಲ್ಲ. ಎಂಬತ್ತರ ದಶಕದ ಕೊನೆ ಎಂಬುದಷ್ಟೇ ಗೊತ್ತು. ನನ್ನ ದಿನಚರಿಯಲ್ಲಿ ಆ ವಾರದ ಪುಟಗಳು ಖಾಲಿ ಇವೆ.

ಅಪ್ಪನ ತಮ್ಮನಾದ ಕಾಕಾ ನಾಟಕ ಕಂಪನಿಯ ಮಾಲಕ. ಒಡೆದುಹೋದ ಇನ್ನೊಂದು ಕಂಪನಿಯ ತಗಡು, ಪರದೆಗಳನ್ನು ಕೊಂಡು ನಿಪ್ಪಾಣಿ, ಚಿಕ್ಕೋಡಿ, ಅಥಣಿ ಎಂದು ಊರೂರು ತಿರುಗುತ್ತಿದ್ದ. ಮಾಮಲೇದಾರ ಕಚೇರಿಯ ಪರವಾನಗಿಯಿಂದ ಹಿಡಿದು ನಾಯಕಿಯ ಸೀರೆಯ ತನಕ ಅವನೇ ನೋಡಬೇಕು. ಜೀಪಿನಲ್ಲಿ ಕೂತು ಲೌಡ್‌ಸ್ಪೀಕರಿನಲ್ಲಿ ಕೂಗುವವನೂ ಅವನೇ. ವಿಡಿಯೋ ಅಂಗಡಿಗಳು ಬಂದ ಮೇಲೆ ಹಿಂದಿನ ಸಾಲುಗಳು ಖಾಲಿ ಉಳಿಯತೊಡಗಿದವು.

"ಜನಕ್ಕ ರಾಜಾ ರಾಣಿ ಸಾಕಾಗ್ಯಾರ. ಮನೀ ಕಥಿ ಬೇಕು, ಖರೇ ಕಥಿ" ಎನ್ನುತ್ತಿದ್ದ.

ಅದು ಅವನಿಗೆ ನಮ್ಮ ಮನೆಯಲ್ಲೇ ಸಿಕ್ಕಿತು.

ಅತ್ತಿ, ಅಂದರೆ ಕಾಕಾನ ತಂಗಿ, ಕಾಗವಾಡದ ಗಂಡನ ಮನೆ ಬಿಟ್ಟು ಬಂದಿದ್ದಳು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಲ್ಲಿ ಅವಳ ಗಂಡನ ತಾಯಿ ಸಂಜೆ ಎಲ್ಲರಿಗೂ ಬಡಿಸಿ, ಇವಳಿಗೆ ಮಾತ್ರ ಒಂದಾದ ಮೇಲೊಂದು ಕೆಲಸ ಹಚ್ಚುತ್ತಿದ್ದಳು. ಇವಳು ತಾಟಿನ ಮುಂದೆ ಕೂಡುವಷ್ಟರಲ್ಲಿ, "ಹೊತ್ತ ಮುಣಗೇತಿ, ಇನ್ನ ಹೆಂಗ ಉಣ್ತಿ?" ಎಂದು ತಾಟು ಎತ್ತಿಬಿಡುತ್ತಿದ್ದಳು. ಎರಡು ವರ್ಷ ಹೀಗೆ. ಬೈಗುಳವಿಲ್ಲ, ಹೊಡೆತವಿಲ್ಲ, ಧರ್ಮವೂ ಕೆಟ್ಟಿಲ್ಲ! ತವರಿಗೆ ಬಂದಾಗ ಅತ್ತಿಯ ರವಿಕೆ ಹೆಗಲಿನಿಂದ ಜಾರುತ್ತಿತ್ತು.

ಬಂದವಳು ಕಲಿತು ರಾಯಬಾಗದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. ಬಾಡಿಗೆ ಕೋಣೆ, ಸ್ವಂತ ಒಲೆ. ಆ ನೌಕರಿ ಬಿಟ್ಟರೆ ಅವಳಿಗೆ ಬೇರೇನೂ ಇರಲಿಲ್ಲ.

ಕಾಕಾ ಅವಳ ಹಸಿವನ್ನು ಹಾಸ್ಯ ಮಾಡಿದ. ರಂಗದ ಮೇಲೆ ಹಗ್ಗಕ್ಕೆ ಕಟ್ಟಿದ ತಗಡಿನ ಸೂರ್ಯ ಇಳಿಯುತ್ತಿದ್ದ. ಸೊಸೆ ರೊಟ್ಟಿ ಹಿಡಿದು ಅವನ ಹಿಂದೆ ಓಡುತ್ತಿದ್ದಳು. ಇನ್ನೇನು ಬಾಯಿಗಿಡಬೇಕು, ಅತ್ತೆಯ ವೇಷದ ಹಾಸ್ಯನಟ ಹಗ್ಗ ಸಡಿಲಿಸಿಬಿಡುತ್ತಿದ್ದ. ಅಥಣಿಯಲ್ಲಿ ಜನ ಬಿದ್ದು ಬಿದ್ದು ನಕ್ಕರು. ಮಾಲಕನ ಅಣ್ಣನ ಮಗಳೆಂದು ಮುಂದಿನ ಕುರ್ಚಿಯಲ್ಲಿ ಕೂತ ನಾನೂ ನಕ್ಕೆ. ಅದು ಯಾರ ರೊಟ್ಟಿ ಎಂದು ಹೊಳೆದ ಮೇಲೂ ನಕ್ಕೆನೇ? ಇಲ್ಲವೆಂದೇ ನೆನಪು, ಆ ನೆನಪನ್ನು ನಾನು ನಂಬುವುದಿಲ್ಲ.

ಕಂಪನಿ ರಾಯಬಾಗಕ್ಕೆ ಹೊರಟಿದೆ ಎಂದು ತಿಳಿದು ಅತ್ತಿ ಚಿಕ್ಕೋಡಿಯ ನಮ್ಮ ಮನೆಗೆ ಕಾಕಾನನ್ನು ಕಾಣಲು ಬಂದಳು.

"ಅಣ್ಣಾ, ಬ್ಯಾರೆ ಕಡೆ ಬೇಕಾದಂಗ ಆಡಿಸು. ರಾಯಬಾಗದಾಗ ಮಾತ್ರ ಆ ಸೀನ್ ತಗೀ. ನಾ ಅಲ್ಲಿ ಹುಡುಗರ ಮುಂದ ನಿಂದರಬೇಕು."

"ನಿನ್ನ ಹೆಸರ ಹಾಕೇನೇನ?" ಕಾಕಾ ನಕ್ಕ. "ಸೊಸಿ ಅಂತ ಐತಿ. ಲೋಕದಾಗ ನೀ ಒಬ್ಬಾಕೀನ ಸೊಸಿ ಏನ?"

"ನಾ ನಿನ್ನ ತಂಗಿ ಅನ್ನೂದು ಊರಿಗೆಲ್ಲಾ ಗೊತ್ತೈತಿ."

"ಗೊತ್ತಿದ್ರ ಚಲೋನ ಆತಲ್ಲ. ಹೆಂಗಸರು ನಿನ್ನ ಸಲವಾಗಿ ಅಳ್ತಾರ."

"ನಗತಾರ, ಅಣ್ಣಾ."

"ಆತು, ನೋಡೂಣು."

ಅದನ್ನು ಅತ್ತಿಯೂ ಅಲ್ಲೇ ಕೂತಿದ್ದ ನಾನೂ ಒಪ್ಪಿಗೆ ಎಂದುಕೊಂಡೆವು.

ರಾಯಬಾಗದಲ್ಲಿ ಜೀಪು ಹಾಡುಹಗಲೇ ಶಾಲೆಯ ಮುಂದೆ ನಿಂತಿತು. ಕಾಕಾನದೇ ದನಿ: "ನಿಮ್ಮ ಸೀಮ್ಯಾಗ ನಡದ ಖರೇ ಕಥಿ! ಹೊತ್ತಿನ ಹಿಂದ ಓಡೂ ಸೊಸೀನ್ನ ನೋಡ್ರಿ!"

ಕೆಲವೇ ದಿನಗಳಲ್ಲಿ ಅತ್ತಿಯ ಪಾಠದ ನಡುವೆ ಹಿಂದಿನ ಸಾಲಿನಿಂದ ಒಂದು ಕೂಗು ಬಂತು: "ಬಾಯಾರ, ಹೊತ್ತ ಮುಣಗಾಕತ್ತೇತ್ರಿ, ಲಗೂ ರೊಟ್ಟಿ ತಿನ್ರಿ!"

ಇಡೀ ವರ್ಗ ನಕ್ಕಿತು. ಆಮೇಲೆ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅದೇ ಮಾತು. ವರ್ಷ ಮುಗಿಯುವ ಮೊದಲೇ ಅತ್ತಿ ರಾಜೀನಾಮೆ ಕೊಟ್ಟು ನಮ್ಮ ಅಡುಗೆಮನೆಗೆ ವಾಪಸಾದಳು. ಕಾಕಾನ ಥೇಟರ್ ಮಾತ್ರ ರಾಯಬಾಗದಲ್ಲಿ ಇನ್ನೂ ತುಂಬುತ್ತಿತ್ತು.

ತೊಂಬತ್ತರ ದಶಕದಲ್ಲಿ ಕಂಪನಿ ಮುಚ್ಚಿತು. ಕಲೆಗಾಗಿ ಮನೆಮಾರು ಮರೆತವನೆಂದು ಕಾಕಾನಿಗೆ ಶಾಲು ಹೊದಿಸಿದರು. ಮನೆ ಮರೆತಿದ್ದನೇ ಅವನು? ಮನೆಯನ್ನೇ ಮಾರಿದ್ದ! ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗ ಇದನ್ನೆಲ್ಲ ಅತ್ತಿಯ ಮುಂದೆ ಕೂಗಾಡಿದೆ. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು:

"ತಾಟ ಎತ್ತೂ ಮಾತು ನಾ ಯಾರ ಮುಂದೂ ಅಂದಿದ್ದಿಲ್ಲ ಬೇ. ಸಣ್ಣಾಕಿದ್ದಾಗ ನನ್ನ ಮಗ್ಗಲದಾಗ ಮಲಗತಿದ್ದೆಲ್ಲ, ನಿನಗೊಬ್ಬಾಕಿಗೆ ಹೇಳಿದ್ದೆ."

ನಾನು ಸಣ್ಣವಳಿದ್ದ ಆ ದಿನಗಳಲ್ಲಿ ಕಾಕಾ ನನ್ನನ್ನು ಜೀಪಿನಲ್ಲಿ ಕೂಡಿಸಿಕೊಂಡು ಸುತ್ತುತ್ತಿದ್ದ. ದಾರಿಯುದ್ದಕ್ಕೂ ನಾನು ಏನೇನೋ ಹರಟುತ್ತಿದ್ದೆ. ಏನು ಹರಟುತ್ತಿದ್ದೆ ಎಂಬುದು ನೆನಪಿಲ್ಲ. ಎಂ.ಎ.ಯ ಆ ರಜೆಯಲ್ಲೇ ಅವನನ್ನು ಕೇಳಿದೆ:

"ಕಾಕಾ, ಆ ಮಾತು ನಿನಗ ಹೇಳಿದಾಕಿ ನಾನ ಏನ?"