ಫಿಲೋಮಿನಾಳ ಪಾಲಿನ ಅರ್ಧ

ಸತ್ತವರು ಬಂದರು, ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ನಂಬುವುದಿರಲಿ, ಹೇಳಿದವರನ್ನು ಎದುರಿಗೇ ಬೈದು ಕಳಿಸುತ್ತಿದ್ದೆ. ಹಲಸೂರಿನ ನಮ್ಮ ದೇವಾಲಯದ, ಅಂದರೆ ಚರ್ಚಿನ, ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ಜಪಸರ ಹೇಳಿಸಲು ನನ್ನನ್ನೇ ಕರೆಯುತ್ತಾರೆ. ಎಷ್ಟು ಹೆಣಗಳ ತಲೆದೆಸೆಯಲ್ಲಿ ಕೂತಿದ್ದೇನೋ ನನಗೇ ಗೊತ್ತಿಲ್ಲ. ಒಂದೂ ಮಿಸುಕಲಿಲ್ಲ. ಎಲ್ಲಿಂದಲೋ ಮಲ್ಲಿಗೆ ವಾಸನೆ ಬರುತ್ತಿದೆ ಎಂದು ಮೈ ನಡುಗಿಸಿದವರಿಗೆ, ಹಾರ ನಿನ್ನ ಕಾಲಡಿಯಲ್ಲೇ ಬಿದ್ದಿದೆ ನೋಡು ಎಂದು ತೋರಿಸಿದ್ದೇನೆ.

ಹಾಗೆಂದು ನಾನು ದೇವರನ್ನು ನಂಬದವಳಲ್ಲ. ಸತ್ತವರು ಏಳುತ್ತಾರೆ, ನಿತ್ಯಜೀವ ಇದೆ ಎಂದು ಪ್ರತಿ ಭಾನುವಾರ ಎಲ್ಲರ ಜೊತೆ ಎದ್ದು ನಿಂತು ಹೇಳುತ್ತೇನೆ. ಆದರೆ ಅದು ಕಡೆಯ ದಿನದ ಮಾತು. ಅಲ್ಲಿಯವರೆಗೆ ಅವರು ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಎಂದು ತಲೆ ಕೆಡಿಸಿಕೊಂಡವಳಲ್ಲ. ನಾನು ಓದಿದ್ದು ಮೂರನೆಯ ಕ್ಲಾಸು. ಪ್ರಾರ್ಥನೆಗಳನ್ನೂ ಕಿವಿಯಿಂದ ಕಲಿತದ್ದು. ಅಂಥ ಯೋಚನೆಯೆಲ್ಲ ಗುರುಗಳ ಕೆಲಸ ಎಂದುಕೊಂಡಿದ್ದೆ.

ನಮ್ಮವರಲ್ಲದವರಿಗೆ ಜಪಸರ ಎಂದರೆ ಏನೆಂದು ಹೇಳಿಬಿಡುತ್ತೇನೆ. ಮಣಿಸರ ಹಿಡಿದು ಯೇಸುವಿನ ತಾಯಿ ಮರಿಯಮ್ಮನವರಿಗೆ ಒಂದೇ ಪ್ರಾರ್ಥನೆಯನ್ನು ಮಣಿಗೆ ಒಂದು ಸಲ ಹೇಳುವುದು. ಅದಕ್ಕೆ ಎರಡು ಭಾಗ. ಮೊದಲ ಅರ್ಧ ಹೇಳಿಸುವವರದು. ಉಳಿದ ಅರ್ಧವನ್ನು ಕೂತವರೆಲ್ಲ ಉತ್ತರವಾಗಿ ಹೇಳುತ್ತಾರೆ. ಪಾಪಿಗಳಾದ ನಮಗಾಗಿ ಈಗಲೂ, ನಾವು ಸಾಯುವ ಹೊತ್ತಿನಲ್ಲೂ ಬೇಡಿಕೊಳ್ಳಿ ಎನ್ನುವುದು ಆ ಉತ್ತರ. ಮನೆಯಲ್ಲಿ ಒಬ್ಬರೇ ಇದ್ದಾಗ ಎರಡನ್ನೂ ಒಬ್ಬರೇ ಹೇಳಿಕೊಳ್ಳಬಹುದು, ತಪ್ಪಿಲ್ಲ. ಆದರೆ ಸಾವಿನ ಮನೆಯಲ್ಲಿ ಉತ್ತರ ಹೇಳುವವರು ಇಲ್ಲದಿದ್ದರೆ ಅದು ದಿಕ್ಕಿಲ್ಲದ ಹೆಣ ಎಂದೇ ನಮ್ಮ ಹೆಂಗಸರ ಲೆಕ್ಕ.

ನನಗೆ ಉತ್ತರ ಹೇಳುತ್ತಿದ್ದವಳು ಫಿಲೋಮಿನಾ. ನನ್ನ ಪಕ್ಕದ ವಠಾರದವಳು, ನನಗಿಂತ ಸ್ವಲ್ಪ ಚಿಕ್ಕವಳು. ಸಾವಿನ ಮನೆಗಳಲ್ಲಿ ಅಳುವವರು ಉತ್ತರ ಮರೆಯುತ್ತಾರೆ, ಗಂಡಸರು ಬೀಡಿ ಸೇದಲು ಹೊರಗೆ ಹೋಗುತ್ತಾರೆ, ಕೊನೆಯವರೆಗೆ ಗಟ್ಟಿಯಾಗಿ ಹೇಳುವವಳು ಇವಳೊಬ್ಬಳೇ. ಅವಳದೊಂದು ಕೆಟ್ಟ ಅಭ್ಯಾಸ. ನನ್ನ ಕೊನೆಯ ಮಾತು ಬಾಯಲ್ಲಿರುವಾಗಲೇ ಉತ್ತರ ಶುರು ಮಾಡಿಬಿಡುತ್ತಿದ್ದಳು. ಅದಕ್ಕಾಗಿ ವರ್ಷಗಟ್ಟಲೆ ಜಗಳವಾಡಿದ್ದೇವೆ.

"ನಾನು ಮುಗಿಸೋಕ್ ಮುಂಚೆ ಯಾಕೇ ನುಗ್ತೀಯ? ಬಸ್ ಹತ್ತೋಕ್ ಬಂದಿದೀಯಾ?"

"ನೀನು ಎಳಿಯೋದಕ್ಕೆ ಕಾದ್ರೆ ಹೆಣಾನೇ ಎದ್ದು ಮನೆಗೋಗತ್ತೆ ಅಕ್ಕಾ."

ಮಂಡಿ ಸವೆದು ನಡೆಯುವುದು ಕಷ್ಟವಾದ ಮೇಲೆ ಫಿಲೋಮಿನಾ ಕಗ್ಗದಾಸಪುರದಲ್ಲಿ ಮಗಳು ಶೀಲಾಳ ಫ್ಲಾಟಿಗೆ ಹೋಗಬೇಕಾಯಿತು. ಶೀಲಾ ಗದಗಿನ ಕಡೆಯ ಹುಡುಗನನ್ನು ಮದುವೆಯಾದವಳು. ಇಬ್ಬರೂ ಆಫೀಸಿಗೆ ಹೋಗುವವರು. ಅಳಿಯ ಒಳ್ಳೆಯವನು. ಟಿವಿ ಪಕ್ಕದ ಗೂಡಿನಲ್ಲಿ ತನ್ನ ಮನೆದೇವರ ಪಟ ಸರಿಸಿ, ಅತ್ತೆಯ ಮರಿಯಮ್ಮನವರಿಗೆ ಜಾಗ ಮಾಡಿಕೊಟ್ಟಿದ್ದ. ಆದರೆ ಶೀಲಾ ದೇವಾಲಯಕ್ಕೆ ಬರುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅಮ್ಮ ಕರೆದರೆ, ನನಗೆ ರಜ ಇರೋದೇ ಭಾನುವಾರ ಎನ್ನುತ್ತಿದ್ದಳು. ಫಿಲೋಮಿನಾ ಮಾತ್ರ ಆಟೋದಲ್ಲಿ ಪೂಜೆಗೆ ಬರುತ್ತಿದ್ದಳು. ಹಾಗೆ ಬಂದಾಗೊಮ್ಮೆ, ದೇವಾಲಯದ ಮೆಟ್ಟಿಲ ಮೇಲೆ ಕೂತು ಕಾಲು ತಿಕ್ಕಿಕೊಳ್ಳುತ್ತ ಕೇಳಿದಳು.

"ಅಲ್ಲಕ್ಕಾ, ನಾನು ಆ ಮನೇಲಿ ಸತ್ರೆ ಉತ್ತರ ಹೇಳೋರು ಯಾರಿದಾರೆ? ನೀನು ಬರ್ತೀಯ, ಸರಿ. ಗೋಡೆಗೆ ಹೇಳ್ತೀಯಾ?"

"ಯಾರೂ ಇಲ್ದಿದ್ರೆ ನೀನೇ ಪೆಟ್ಟಿಗೇಲಿ ಮಲಗಿಕೊಂಡು ಹೇಳು."

"ಹೇಳ್ತೀನಿ ಬಿಡು. ಆಮೇಲೆ ಹೆದರ್ಕೊಂಡು ಎದ್ದು ಓಡ್ಬೇಡ."

ಇಬ್ಬರೂ ನಕ್ಕೆವು. ಆದರೆ ಅವಳ ಹೆದರಿಕೆ ನಿಜವಾದದ್ದು. ಆಟೋ ಹತ್ತುವಾಗ ಮತ್ತೆ ನನ್ನ ಕೈ ಹಿಡಿದು, "ಯಾರನ್ನಾದ್ರೂ ಕರ್ಕೊಂಡು ಬಾ ಅಕ್ಕಾ" ಎಂದಳು. ನಾನು ಹೂಂ ಎಂದೆ.

ಅವಳು ಸತ್ತದ್ದು ಕೆಲಸದ ದಿನ. ಮರುದಿನ ಬೆಳಗ್ಗೆ ಒಬ್ಬೊಬ್ಬರ ಮನೆ ಬಾಗಿಲು ತಟ್ಟಿದೆ. ಕಗ್ಗದಾಸಪುರದ ರೈಲ್ವೆ ಗೇಟಿನ ಟ್ರಾಫಿಕ್ಕು ಯಾರಿಗೆ ಬೇಕು, ನಾವು ಸಾಯಂಕಾಲ ನೇರವಾಗಿ ದೇವಾಲಯಕ್ಕೇ ಬರುತ್ತೇವೆ ಎಂದರು ಎಲ್ಲರೂ. ನಾನೊಬ್ಬಳೇ ಹೋದೆ.

ಹಾಲಿನ ನಡುವೆ ಬಾಡಿಗೆಗೆ ತಂದ ಐಸ್ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಗಾಜಿನ ಕೆಳಗೆ ಫಿಲೋಮಿನಾ, ಮದುವೆಯ ಸೀರೆಯಲ್ಲಿ, ಕೈಗೆ ಜಪಸರ ಸುತ್ತಿಕೊಂಡು. ಅಳಿಯ ಸಮಾಧಿಯ ಗುಂಡಿ ತೆಗೆಸಲು ಹೋಗಿದ್ದ. ಅವನ ತಾಯಿ ಗಂಗವ್ವ ಸುದ್ದಿ ಕೇಳಿ ರಾತ್ರಿ ರೈಲಿಗೆ ಗದಗಿನಿಂದ ಬಂದಿದ್ದರು. ಹೆಣದ ಕಾಲ ಕಡೆ ನೆಲದ ಮೇಲೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಬೀಗತಿಯರಿಬ್ಬರೂ ಮದುವೆಯ ದಿನ ಒಂದೇ ಒಂದು ಸಲ ಮುಖ ನೋಡಿಕೊಂಡಿದ್ದವರು.

ನಾನು ತಲೆಯ ಕಡೆ ಸ್ಟೂಲು ಹಾಕಿಕೊಂಡು ಮಣಿ ತೆಗೆದೆ. ಶೀಲಾ ಮೆಲ್ಲಗೆ ಹೇಳಿದಳು. "ದೊಡ್ಡಮ್ಮ, ಸ್ವಲ್ಪ ಸಣ್ಣ ದನಿಯಲ್ಲಿ. ಪಕ್ಕದ ಮನೆಯವರು ಮನೆಯಿಂದಾನೇ ಕೆಲಸ ಮಾಡ್ತಾರೆ, ಮೀಟಿಂಗ್ ಇರತ್ತೆ."

"ಅವರೂ ಒಂದಿನ ಸಾಯೋರೇ ಬಿಡು. ಬಾ, ಕೂತ್ಕೊ, ಉತ್ತರ ಹೇಳು."

"ನನಗೆ ಪೂರ್ತಿ ನೆನಪಿಲ್ಲ ದೊಡ್ಡಮ್ಮ."

ಅಷ್ಟರಲ್ಲಿ ಕೆಳಗಿನಿಂದ ಫೋನು ಬಂತು. ಪೆಟ್ಟಿಗೆ ಹಿಡಿಸುವ ದೊಡ್ಡ ಲಿಫ್ಟನ್ನು ಯಾರೋ ಮನೆ ಖಾಲಿ ಮಾಡುವವರು ಸಾಮಾನು ಇಳಿಸಲು ಮೊದಲೇ ಹಿಡಿದಿಟ್ಟುಕೊಂಡಿದ್ದರಂತೆ. ಶೀಲಾ ಅಸೋಸಿಯೇಷನ್ನಿನವರ ಹತ್ತಿರ ಮಾತಾಡಲು ಓಡಿದಳು.

ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಯಾವಾಗಲೂ ಕಣ್ಣು ಮುಚ್ಚಿಯೇ ಹೇಳುವವಳು. ಎರಡು ಭಾಗವನ್ನೂ ನಾನೇ ಹೇಳಿ ಮುಗಿಸುವುದು ಎಂದುಕೊಂಡಿದ್ದೆ. ಆದರೆ ಮೊದಲ ಮಣಿಯಲ್ಲೇ ಅಭ್ಯಾಸಬಲದಿಂದ ನನ್ನ ಅರ್ಧ ಹೇಳಿ ನಿಂತುಬಿಟ್ಟೆ.

ಉತ್ತರ ಬಂತು. ಎದುರಿನಿಂದ, ಮೆಲ್ಲಗೆ, ಗಂಟಲು ಕಟ್ಟಿದ ಹೆಂಗಸಿನ ದನಿ. ಗಂಗವ್ವ ಸೆರಗಿನೊಳಗಿನಿಂದ ಹೇಳುತ್ತಿದ್ದಾರೆ ಎಂದುಕೊಂಡೆ. ಪರವಾಗಿಲ್ಲವೇ, ಎಲ್ಲಿ ಕಲಿತರು ಎಂದು ಅನ್ನಿಸಿತು. ಎಲ್ಲಾದರೂ ಕಲಿತಿರಲಿ, ಫಿಲೋಮಿನಾಳ ಹೆಣಕ್ಕೆ ಉತ್ತರ ಸಿಕ್ಕಿತು, ಅಷ್ಟು ಸಾಕು ಎಂದು ಮುಂದುವರಿಸಿದೆ. ನಾಲ್ಕಾರು ಮಣಿ ಆದ ಮೇಲೆ ಆ ದನಿ ನನ್ನ ಕೊನೆಯ ಮಾತಿನ ಮೇಲೆ ನುಗ್ಗತೊಡಗಿತು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಮಾಡುತ್ತಿದ್ದ ಹಾಗೆಯೇ ಬೇಕೆಂದು ಇನ್ನೂ ಎಳೆದೆ. ಅದು ಇನ್ನೂ ಮುಂಚೆ ನುಗ್ಗಿತು. ಹೀಗೆ ಗುದ್ದಾಡಿಕೊಂಡೇ ಇಡೀ ಜಪಸರ ಮುಗಿಯಿತು. ಆಗಲೂ ನನಗೆ ಏನೂ ಹೊಳೆಯಲಿಲ್ಲ ಎಂದರೆ ನೀವು ನಗಬಹುದು. ಅಷ್ಟು ವರ್ಷ ಆಡಿದ ಜಗಳ, ಹೊಸದು ಅನ್ನಿಸಲೇ ಇಲ್ಲ.

ಕಣ್ಣು ಬಿಟ್ಟು, ಮಣಿಗೆ ಮುತ್ತಿಟ್ಟು ಹೇಳಿದೆ. "ದೇವರು ಒಳ್ಳೇದ್ ಮಾಡ್ಲಿ ಗಂಗವ್ವನೋರೇ. ಚೆನ್ನಾಗಿ ಉತ್ತರ ಹೇಳಿದ್ರಿ. ಇಲ್ದಿದ್ರೆ ನಾನೊಬ್ಬಳೇ ಆಗ್ತಿದ್ದೆ."

ಅವರು ಸೆರಗು ತೆಗೆದು ನನ್ನನ್ನೇ ನೋಡಿದರು. "ನಾ ಎಲ್ಲಿ ಹೇಳೇನ್ರಿ ಅಕ್ಕಾರ? ನಿಮ್ಮ ಮಂತ್ರ ನಂಗೆಲ್ಲಿ ಬರ್ತೈತಿ? ನೀವಿಬ್ರು ಅನ್ನಾಕತ್ತಿದ್ರಿ, ನಾ ತಲಿ ತಗ್ಗಿಸಿ ಕೇಳಕೋಂತ ಕುಂತಿದ್ದೆ."

"ಯಾರ್ ಇಬ್ರು?"

"ನೀವು, ಮತ್ತ ಆ ಕಡೆ ಕುಂತಿದ್ದ ನಿಮ್ಮವರು. ಒಬ್ರು ಮುಗಸೂದ್ರಾಗ ಇನ್ನೊಬ್ರು ಚಾಲೂ ಮಾಡ್ತಿದ್ರೆಲ್ಲ. ಎಷ್ಟು ಅವಸರ ಅಂದ್ಕೊಂಡೆ." ಹಾಗೆಂದು ಕತ್ತು ಚಾಚಿ ಪೆಟ್ಟಿಗೆಯ ಆಚೆ ನೋಡಿದರು. "ಎಲ್ಲಿ, ಎದ್ದು ಹೋದ್ರೇನು?"

ಆಚೆ ಯಾರೂ ಇರಲಿಲ್ಲ. ಗೋಡೆ ಇತ್ತು, ಗೋಡೆಗೆ ಒರಗಿಸಿಟ್ಟ ಫಿಲೋಮಿನಾಳ ಊರುಗೋಲು ಇತ್ತು. ನಾನು ಎದ್ದು ಅಡಿಗೆಮನೆ ನೋಡಿದೆ, ಬಚ್ಚಲು ನೋಡಿದೆ. ಫೋನು, ಟಿವಿ ಏನೂ ಓಡುತ್ತಿರಲಿಲ್ಲ. ಬಂದು ಗಾಜಿನ ಮೇಲೆ ಬಾಗಿ ಅವಳ ಮುಖ ನೋಡಿದೆ. ಹೆಣದ ಮುಖ ಹೇಗಿರಬೇಕೋ ಹಾಗೇ ಇತ್ತು. ತುಟಿ ಮುಚ್ಚಿದ ಹಾಗೇ ಇತ್ತು. ನಾನು ಹೆದರಲಿಲ್ಲ. ಎದ್ದು ಓಡಲೂ ಇಲ್ಲ, ಸ್ಟೂಲನ್ನು ಅವಳ ತಲೆಯ ಹತ್ತಿರಕ್ಕೆ ಎಳೆದುಕೊಂಡು ಕೂತೆ.

ಆಮೇಲೆ ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಹಳೆಯ ಅಭ್ಯಾಸಕ್ಕೆ ನನ್ನ ಕಿವಿಯೇ ದನಿ ಕೇಳಿಸಿಕೊಂಡಿರಬಹುದು ಎಂದರೆ, ಗಂಗವ್ವನ ಕಿವಿಗೆ ಯಾವ ಅಭ್ಯಾಸ? ಎರಡನ್ನೂ ನಾನೇ ಹೇಳಿಕೊಂಡೆ ಎಂದರೆ, ಒಂದು ಬಾಯಲ್ಲಿ ಎರಡು ಮಾತು ಒಟ್ಟಿಗೆ ಹೇಗೆ ಬರುತ್ತವೆ? ಗುರುಗಳಿಗೆ ಹೇಳಿದೆ. ಅವರು "ಸಂತರೆಲ್ಲ ನಮ್ಮ ಜೊತೆ ಬೇಡಿಕೊಳ್ತಾರೆ ಅಂತ ನಾವು ಹೇಳೋದಿಲ್ವೇನಮ್ಮಾ" ಎಂದರು. ಹೇಳುತ್ತೇವೆ ಫಾದರ್, ಆದರೆ ಫಿಲೋಮಿನಾ ಸಂತಳಲ್ಲ, ಮೀನಿನ ಅಂಗಡಿಯಲ್ಲಿ ಅವಳ ಬಾಯಿ ನೀವು ಕೇಳಿಲ್ಲ ಎಂದೆ. ಅವರು ನಕ್ಕರು.

ಫಿಲೋಮಿನಾ ಸತ್ತು ತಿಂಗಳಾದಾಗಿನ ಪೂಜೆಯ ದಿನ ಶೀಲಾಳ ಮನೆಗೆ ಹೋಗಿ ಹೇಳಿದೆ. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳು ಮುಖ ಕೆಂಪಗೆ ಮಾಡಿಕೊಂಡಳು.

"ನಾನು ಲಿಫ್ಟಿನ ಜಗಳಕ್ಕೆ ಅಂತ ಕೆಳಗೆ ಹೋದಾಗಲೇ ಅಮ್ಮ ಮಾತಾಡ್ಬೇಕಿತ್ತಾ? ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದೆನಲ್ಲ. ನನಗೊಂದು ಮಾತು ಹೇಳ್ಬಾರದಿತ್ತಾ ಅಮ್ಮ?"

"ನನಗೂ ಅವಳು ಏನೂ ಹೇಳಲಿಲ್ಲ ಕಣೇ. ಪ್ರಾರ್ಥನೆಗೆ ಉತ್ತರ ಹೇಳಿದಳು, ಅಷ್ಟೇ. ನಮಗೋಸ್ಕರ ಬೇಡ್ಕೊಳ್ಳಿ ಅಂದಳು. ಅದರಲ್ಲಿ ನೀನೂ ಇದೀಯ."

ಶೀಲಾ ಎದ್ದು ಕಾಫಿ ಇಡಲು ಹೋದಳು. ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಅವಳು ಮತ್ತೆ ದೇವಾಲಯಕ್ಕೆ ಬರತೊಡಗಿದಳು ಎಂದು ಹೇಳಿದರೆ ಚೆನ್ನಾಗಿರುತ್ತದೆ. ಆದರೆ ಬರುತ್ತಿಲ್ಲ.

ಈಗಲೂ ಯಾವುದಾದರೂ ಮನೆಯಲ್ಲಿ ದನಿ ಕೇಳಿತು, ನೆರಳು ಕಂಡಿತು ಎಂದರೆ ನನಗೆ ಅನುಮಾನವೇ ಬರುತ್ತದೆ. ಬೈಯುವುದನ್ನು ಮಾತ್ರ ಬಿಟ್ಟಿದ್ದೇನೆ. ದಿನಾ ಸಂಜೆ ಮನೆಯಲ್ಲಿ ಒಬ್ಬಳೇ ಕೂತು ಜಪಸರ ಹೇಳುತ್ತೇನೆ. ನನ್ನ ಅರ್ಧ ಹೇಳಿ, ಕೊನೆಯ ಮಾತನ್ನು ಬೇಕೆಂದೇ ಸ್ವಲ್ಪ ಎಳೆಯುತ್ತೇನೆ. ಯಾರೂ ನುಗ್ಗುವುದಿಲ್ಲ. ಆಚೆ ಆಟೋ ಹಾರ್ನು, ಪಕ್ಕದ ಮನೆಯ ಕುಕ್ಕರು, ಅಷ್ಟೇ. ಸ್ವಲ್ಪ ಹೊತ್ತು ನೋಡಿ, ಅವಳ ಅರ್ಧವನ್ನೂ ನಾನೇ ಹೇಳಿ, ಮುಂದಿನ ಮಣಿ ಹಿಡಿಯುತ್ತೇನೆ.